ಹಾಸ್ಟೆಲ್ ಗೇಟಿನ ಬೀಗ ಮತ್ತು ದೂರಿನ ದಾರಿ

ಇವತ್ತಿನ ಸಂಚಿಕೇನ ಇಯರ್‌ಫೋನ್ ತೆಗೆದು ಕೇಳ್ರಿ, ರೂಮ್‌ಮೇಟ್‌ಗಳಿಗೂ ಕೇಳಿಸಲಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹುಡುಗಿಯರು ಎಂ.ಎ., ಎಂ.ಎಸ್ಸಿ. ಅಂದ್ರೆ ಮೊದಲು ಧಾರವಾಡದ ಹಾದಿ ಹಿಡೀತಿದ್ರು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಯ್ತು. ಕಿತ್ತೂರನ್ನು ಆಳಿ, ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ರಾಣಿಯ ಹೆಸರು ಅದು. ಆದರೆ ಹಾಸ್ಟೆಲ್‌ನಲ್ಲಿ ಯಾರಾದ್ರೂ ಮೈಮೇಲೆ ಕೈ ಹಾಕಿದ್ರೆ ಯಾರಿಗೆ ಹೇಳಬೇಕು? ಇದರ ಉತ್ತರ ಶುರುವಾಗಿದ್ದು ದೂರದ ರಾಜಸ್ಥಾನದಲ್ಲಿ.

ಭಟೇರಿ ಅನ್ನೋ ಹಳ್ಳಿಯ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯ ಕಾರ್ಯಕರ್ತೆ. ಒಂದು ಬಾಲ್ಯವಿವಾಹ ತಡೆಯೋಕೆ ಹೋದರು. ಅದರ ಸೇಡಿಗೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ಆಯ್ತು ಅಂತ ದೂರು ಕೊಟ್ಟರು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನ ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಆದರೆ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಬೇರೆ ಪ್ರಶ್ನೆ ಒಯ್ದವು: ಕೆಲಸದ ಜಾಗದಲ್ಲಿ ಹೆಣ್ಣಿಗೆ ರಕ್ಷಣೆ ಕೊಡಬೇಕಾದವರು ಯಾರು? 1997ರ ಆಗಸ್ಟ್ 13ರಂದು ಬಂದ ವಿಶಾಖಾ ತೀರ್ಪು, ಪ್ರತಿ ಸಂಸ್ಥೆಯಲ್ಲೂ ದೂರು ಸಮಿತಿ ಇರಲಿ, ಅದಕ್ಕೆ ಮಹಿಳೆಯೇ ಮುಖ್ಯಸ್ಥೆ ಆಗಿರಲಿ ಅಂದಿತು. ಭಂವರಿ ಅವರಿಗೆ ಸಿಗಬೇಕಾದ ನ್ಯಾಯ ಸಿಗಲಿಲ್ಲ, ನಮಗೆ ಸಮಿತಿ ಸಿಕ್ಕಿತು. ಇದನ್ನ ಹೇಳುವಾಗ ನನಗೆ ಸ್ವಲ್ಪ ಸಂಕೋಚ ಆಗ್ತದ.

1999ರಲ್ಲಿ ದೆಹಲಿಯ ಜೆಎನ್‌ಯು, ಚುನಾಯಿತ ವಿದ್ಯಾರ್ಥಿಗಳೂ ಇರುವ ಸಮಿತಿ ಕಟ್ಟಿತು. 2017ರಲ್ಲಿ ಅದನ್ನ ರದ್ದು ಮಾಡಿದರು, ಆ ಕಥೆ ಇನ್ನೊಮ್ಮೆ. ದೆಹಲಿಯ ಡಿಸೆಂಬರ್ 2012ರ ಘಟನೆ ನಂತರ 2013ರ ಕಾಯ್ದೆ ಬಂತು. 2016ರ ಮೇ ತಿಂಗಳಲ್ಲಿ ಯುಜಿಸಿ ಕಾಲೇಜುಗಳಿಗೇ ಪ್ರತ್ಯೇಕ ನಿಯಮ ಹೊರಡಿಸಿತು.

ನಮಗೆ ಬೇಕಾದ್ದು ಆ ನಿಯಮದಲ್ಲಿದೆ. ಕ್ಯಾಂಪಸ್ ಅಂದ್ರೆ ಬರೀ ಕ್ಲಾಸ್‌ರೂಮ್ ಅಲ್ಲ. ಹಾಸ್ಟೆಲ್, ಊಟದ ಹಾಲ್, ಕಾಲೇಜಿನ ಬಸ್, ಟೂರ್ ಹೋದ ಊರು, ಎಲ್ಲಾ ಸೇರ್ತವ. ಮೂರು ತಿಂಗಳೊಳಗೆ ದೂರು ಕೊಡಬೇಕು, ಸಕಾರಣ ಇದ್ರೆ ಇನ್ನೂ ಮೂರು ತಿಂಗಳು ಸಿಗ್ತದ. ತನಿಖೆ 90 ದಿನದಲ್ಲಿ ಮುಗೀಬೇಕು. ಪ್ರಕರಣದಲ್ಲಿ ವಿದ್ಯಾರ್ಥಿಗಳಿದ್ರೆ ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳು ಇರಲೇಬೇಕು. ಹುಡುಗರೂ ತೃತೀಯ ಲಿಂಗಿಗಳೂ ದೂರು ಕೊಡಬಹುದು. ಹುಡುಗರ ಹಾಸ್ಟೆಲ್‌ನಲ್ಲಿ ರ‍್ಯಾಗಿಂಗ್ ಹೆಸರಲ್ಲಿ ಬಟ್ಟೆ ಬಿಚ್ಚಿಸೋದು ತಮಾಷೆ ಅಲ್ರೀ.

ಇನ್ನೊಂದು ಸಾಲಿದೆ, ಬಹಳ ಮಂದಿಗೆ ಗೊತ್ತಿಲ್ಲ: ಸುರಕ್ಷತೆಯ ನೆಪದಲ್ಲಿ ಹುಡುಗಿಯರ ಹಾಸ್ಟೆಲ್‌ಗೆ ಹುಡುಗರಿಗಿಲ್ಲದ ತಾರತಮ್ಯದ ನಿಯಮ ಹೇರಬಾರದು. ಆದರೂ 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ಮೈಸೂರು ವಿಶ್ವವಿದ್ಯಾಲಯ ಹೊರಡಿಸಿದ ಸುತ್ತೋಲೆ ಏನಂತಿತ್ತು? ಸಂಜೆ 6.30ರ ಮೇಲೆ ಹುಡುಗಿಯರು ಮಾನಸಗಂಗೋತ್ರಿಯಲ್ಲಿ ಒಬ್ಬಂಟಿಯಾಗಿ ಓಡಾಡಬಾರದು ಅಂತ. ತಪ್ಪು ಮಾಡಿದವರು ಹೊರಗೆ, ಬೀಗ ಹುಡುಗಿಯರಿಗೆ. ಟೀಕೆ ಜೋರಾದ ಮೇಲೆ ಅದನ್ನ ಹಿಂತೆಗೆದುಕೊಂಡರು.

ನಮ್ಮ ಕಡೆ ಬೀಗಕ್ಕಿಂತ ದೊಡ್ಡ ಭಯ ಮನೆಯದ್ದು. "ಅಪ್ಪಾಗ ಗೊತ್ತಾದ್ರ ಕಾಲೇಜ ಬಿಡಿಸಿ ಮದುವಿ ಮಾಡ್ತಾನ." ಈ ಒಂದು ಮಾತು ಎಷ್ಟೋ ದೂರುಗಳನ್ನ ನುಂಗಿರಬಹುದು. ಅದಕ್ಕೇ ದೂರು ಕೊಟ್ಟವರ ಗುರುತು ಗುಟ್ಟಾಗಿ ಇಡಬೇಕು ಅಂತ ಕಾನೂನೇ ಹೇಳ್ತದ. ಸ್ವಂತ ಬರೆಯೋಕೆ ಆಗದಿದ್ರೆ ಗೆಳತಿ ನಿಮ್ಮ ಪರವಾಗಿ ಬರೆದು ಕೊಡಬಹುದು.

ಪಿಯುಸಿ ಹಾಸ್ಟೆಲ್‌ನವರು ಕೇಳ್ತಿದ್ರೆ: 18 ತುಂಬದವರಿಗೆ ಪೋಕ್ಸೋ ಕಾಯ್ದೆ ಇದೆ. ಅಲ್ಲಿ ವಾರ್ಡನ್‌ಗೆ ವಿಷಯ ಗೊತ್ತಾದ್ರೆ ಪೊಲೀಸರಿಗೆ ತಿಳಿಸಲೇಬೇಕು, "ನಾವ್ ನಾವೇ ಬಗೆಹರಿಸ್ಕೊಳ್ಳೋಣ" ಅನ್ನೋ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳೆಯರದ್ದು 181, ತುರ್ತಿಗೆ 112.

ಸಮಿತಿಯಲ್ಲಿ ಯಾರ‍್ಯಾರು ಇದ್ದಾರೆ ಅನ್ನೋದನ್ನ ಕಾಲೇಜು ಎಲ್ಲರಿಗೂ ಕಾಣುವಂತೆ ಹಾಕಬೇಕು. ಇವತ್ತು ರಾತ್ರಿ ಊಟಕ್ಕೆ ಇಳಿದಾಗ ನೋಟಿಸ್ ಬೋರ್ಡ್ ನೋಡ್ರಿ, ಮೆಸ್ ಮೆನು ಪಕ್ಕ ಆ ಹೆಸರುಗಳು ಅದಾವೇನು ಅಂತ. ಇಲ್ಲದಿದ್ರೆ ನಾಳೆ ಪ್ರಿನ್ಸಿಪಾಲರನ್ನ ಕೇಳ್ರಿ, ನಾಲ್ಕೈದು ಮಂದಿ ಕೂಡಿ.