ನ್ಯೂಟ್ರೋಫಿಲ್ ಸನ್ನದ್ಧತೆ

ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಸೋಂಕಿನ ಸುಳಿವು ಸಿಕ್ಕಾಗ, ದಾಳಿಗಿಳಿಯುವ ಮುನ್ನ ಸಜ್ಜಾಗಿ ನಿಲ್ಲುವ ಸ್ಥಿತಿ. ಟಿಎನ್‌ಎಫ್-ಆಲ್ಫಾ, ಜಿಎಂ-ಸಿಎಸ್‌ಎಫ್‌ನಂಥ ಸಂದೇಶವಾಹಕ ಪ್ರೋಟೀನ್‌ಗಳಾದ ಸೈಟೊಕೈನ್‌ಗಳೂ ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಲಿಪೊಪಾಲಿಸ್ಯಾಕರೈಡೂ ಈ ಸಂಕೇತ ಕೊಡುತ್ತವೆ. ಆಗ ಕಣದೊಳಗಿನ ಪುಟ್ಟ ಚೀಲಗಳು ಅಂಚಿಗೆ ಸರಿದು, ತಮ್ಮಲ್ಲಿದ್ದ ಗ್ರಾಹಕಗಳನ್ನು ಮೇಲ್ಮೈಗೆ ತರುತ್ತವೆ. ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ, ಸೂಕ್ಷ್ಮಾಣುಗಳನ್ನು ಕೊಲ್ಲಲು ನೆರವಾಗುವ ಸೂಪರಾಕ್ಸೈಡ್ ತಯಾರಿಸುವ ಕಿಣ್ವದ ಪಿ47 ಎಂಬ ಭಾಗಕ್ಕೆ ಫಾಸ್ಫೇಟ್ ಬಂದು ಕೂಡುತ್ತದೆ. ಇಷ್ಟಾದರೂ ಕಿಣ್ವ ಕೆಲಸ ಶುರುಮಾಡುವುದಿಲ್ಲ. ಈ ಸಂಯಮವೇ ಇಲ್ಲಿನ ನಿಜವಾದ ಬೆರಗು. ಮುಂದೆ ಬ್ಯಾಕ್ಟೀರಿಯಾದ ಫಾರ್ಮೈಲ್ ಪೆಪ್ಟೈಡ್ ತಗುಲಿದಾಗ ಮಾತ್ರ, ಸಜ್ಜಾಗದ ಕಣಕ್ಕಿಂತ ಹಲವು ಪಟ್ಟು ಹೆಚ್ಚು ಸೂಪರಾಕ್ಸೈಡ್ ಉಕ್ಕುತ್ತದೆ. ಕ್ರಾನಿಕ್ ಗ್ರ್ಯಾನುಲೊಮಾಟಸ್ ಕಾಯಿಲೆಯಲ್ಲಿ ಈ ಕಿಣ್ವ ಹುಟ್ಟಿನಿಂದಲೇ ದೋಷಪೂರಿತ. ಅಂಥ ಮಕ್ಕಳನ್ನು ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಸೋಂಕು ಮತ್ತೆ ಮತ್ತೆ ಕಾಡುತ್ತದೆ. ಸನ್ನದ್ಧತೆ ಅತಿಯಾದರೂ ಅಪಾಯವೇ: ಸೆಪ್ಸಿಸ್‌ನಲ್ಲಿ ಇಂಥ ಕಣಗಳಿಂದ ಶ್ವಾಸಕೋಶದ ಅಂಗಾಂಶವೇ ಗಾಸಿಗೊಳ್ಳಬಹುದು.