ಅರ್ಲಿ ಡಿಸಿಷನ್: ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ

ಅಮೆರಿಕದ ಕಾಲೇಜು ಪ್ರವೇಶದಲ್ಲಿ ಒಂದೇ ಸಂಸ್ಥೆಗೆ ಮೊದಲೇ ಮಾತು ಕೊಟ್ಟುಬಿಡುವ ಪದ್ಧತಿಗೆ ಅರ್ಲಿ ಡಿಸಿಷನ್ ಎನ್ನುತ್ತಾರೆ. ಸಾಮಾನ್ಯವಾಗಿ ನವೆಂಬರ್ ಆರಂಭಕ್ಕೆ ಅರ್ಜಿ, ಡಿಸೆಂಬರ್ ನಡುವಿಗೆ ಫಲಿತಾಂಶ. ಸೀಟು ಸಿಕ್ಕರೆ ಬೇರೆಡೆ ಹಾಕಿದ ಅರ್ಜಿಗಳನ್ನೆಲ್ಲ ಹಿಂದಕ್ಕೆ ಪಡೆಯಬೇಕು. ಒಪ್ಪಂದಕ್ಕೆ ವಿದ್ಯಾರ್ಥಿ, ಪೋಷಕರು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಅರ್ಲಿ ಆಕ್ಷನ್ ಬೇರೆ: ಅಲ್ಲಿಯೂ ಫಲಿತಾಂಶ ಬೇಗ ಬರುತ್ತದೆ, ಆದರೆ ಸೇರಲೇಬೇಕೆಂಬ ಕಟ್ಟಿಲ್ಲ.

ಇವೆರಡನ್ನೂ ಒಂದೇ ಎಂದು ಬರೆದವರಿಂದಾಗಿ ಇತಿಹಾಸ ಗೋಜಲಾಗಿದೆ. 2006ರ ಸೆಪ್ಟೆಂಬರ್‌ನಲ್ಲಿ ಹಾರ್ವರ್ಡ್ ದಾರಿ ತೋರಿತು, ಉಳಿದವರು ಹಿಂಬಾಲಿಸಿದರು ಎಂಬುದು ರೂಢಿಯ ಮಾತು. ಹಾರ್ವರ್ಡ್ ಕೈಬಿಟ್ಟದ್ದು ಕಟ್ಟಿಲ್ಲದ ಅರ್ಲಿ ಆಕ್ಷನ್ ಅನ್ನು. ಅದಕ್ಕೂ ನಾಲ್ಕು ವರ್ಷ ಮೊದಲು, 2002ರಲ್ಲಿಯೇ, ಚಾಪೆಲ್ ಹಿಲ್‌ನಲ್ಲಿರುವ ಸರ್ಕಾರಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಅರ್ಲಿ ಡಿಸಿಷನ್ ರದ್ದುಮಾಡಿತ್ತು. ಈ ಹೆಜ್ಜೆಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ವರ್ಜೀನಿಯಾ ವಿಶ್ವವಿದ್ಯಾಲಯದ ಕಥೆ ಇನ್ನೂ ಸ್ಪಷ್ಟ. 2004ರಲ್ಲಿ ಅದು ಬಡ ವಿದ್ಯಾರ್ಥಿಗಳಿಗಾಗಿ ‘ಆಕ್ಸೆಸ್ ಯುವಿಎ’ ನೆರವಿನ ಯೋಜನೆ ತಂದಿತು. ನೆರವಿನ ಬಾಗಿಲು ತೆರೆದರೂ ಮುಂಚಿನ ಸುತ್ತಿನಲ್ಲಿ ಬಂದ ಬಡವರು ಬೆರಳೆಣಿಕೆಯಷ್ಟೇ. 2006ರ ಸೆಪ್ಟೆಂಬರ್ ಕೊನೆಯಲ್ಲಿ ಅದೂ ಅರ್ಲಿ ಡಿಸಿಷನ್ ಕೈಬಿಡುವ ನಿರ್ಧಾರ ಪ್ರಕಟಿಸಿತು.

ಬಡ ವಿದ್ಯಾರ್ಥಿಗಳಿಗಿದ್ದ ತೊಡಕು ಮುಖ್ಯವಾಗಿ ತಾರೀಖಿನದು. ಕೇಂದ್ರ ಸರ್ಕಾರದ ನೆರವಿನ ಅರ್ಜಿಯಾದ ಫಾಫ್ಸಾ 2016ರವರೆಗೆ ತೆರೆಯುತ್ತಿದ್ದುದು ಜನವರಿ 1ಕ್ಕೆ. ಒಪ್ಪಂದಕ್ಕೆ ಸಹಿ ಬೀಳುತ್ತಿದ್ದುದು ನವೆಂಬರ್‌ನಲ್ಲಿ. ಕೈಯಲ್ಲಿರುತ್ತಿದ್ದುದು ಅಂದಾಜು ಲೆಕ್ಕ ಮಾತ್ರ. ನಾಲ್ಕು ಕಾಲೇಜುಗಳ ನೆರವನ್ನು ಪಕ್ಕಪಕ್ಕ ಇಟ್ಟು ತೂಗಿನೋಡುವ ಅವಕಾಶವೂ ಇಲ್ಲ. ಹಣದ ಚಿಂತೆಯಿಲ್ಲದ ಮನೆಗೆ ಅದರ ಅಗತ್ಯವೂ ಇಲ್ಲ. ನೆರವು ಸಾಲದಿದ್ದರೆ ವಿದ್ಯಾರ್ಥಿ ಹಿಂದೆ ಸರಿಯಬಹುದು ಎಂಬ ಅಂಶ ಒಪ್ಪಂದದಲ್ಲಿದೆ ನಿಜ. ಆದರೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ಹುಡುಗಿಗೆ ಅದನ್ನು ಬಿಡಿಸಿ ಹೇಳುವವರು ಯಾರು?

2011ರಿಂದ ಕೇಂದ್ರದ ನೆರವಿನ ಯೋಜನೆಗಳಲ್ಲಿ ಭಾಗಿಯಾದ ಪ್ರತಿ ಕಾಲೇಜೂ ಜಾಲತಾಣದಲ್ಲಿ ನಿವ್ವಳ ವೆಚ್ಚದ ಲೆಕ್ಕಯಂತ್ರ ಇಡುವುದು ಕಡ್ಡಾಯವಾಯಿತು. 2016ರಲ್ಲಿ ಫಾಫ್ಸಾ ತೆರೆಯುವ ದಿನ ಅಕ್ಟೋಬರ್ 1ಕ್ಕೆ ಹಿಂದಕ್ಕೆ ಬಂತು. ತಾರೀಖಿನ ಆಕ್ಷೇಪ ಸಡಿಲವಾಯಿತು, ಹೋಲಿಕೆಯದು ಹಾಗೆಯೇ ಉಳಿಯಿತು. 2019ರಲ್ಲಿ ವರ್ಜೀನಿಯಾ ಅರ್ಲಿ ಡಿಸಿಷನ್ ಅನ್ನು ಮತ್ತೆ ತಂದಿತು. 2023ರಲ್ಲಿ ಹೊಸ ಫಾಫ್ಸಾ ಡಿಸೆಂಬರ್ ಕೊನೆಯವರೆಗೂ ತೆರೆಯದೆ, ಆ ವರ್ಷದ ಮಕ್ಕಳು ಹಳೆಯ ಇಕ್ಕಟ್ಟಿಗೇ ಸಿಕ್ಕಿಬಿದ್ದರು. 2025ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯವೂ ಅರ್ಲಿ ಡಿಸಿಷನ್ ಅನ್ನು ಜಾರಿಗೆ ತರುವುದಾಗಿ ಪ್ರಕಟಿಸಿತು.