ಕ್ರೈಸ್ತ ಆಹಾರ ಸಂಯಮ

ಕ್ರೈಸ್ತ ಆಹಾರ ಸಂಯಮ: ಊಟದ ವೇಳೆ, ಪ್ರಮಾಣ ಮತ್ತು ಬಗೆಗಳನ್ನು ಧಾರ್ಮಿಕ ಶಿಸ್ತಿಗೆ ಒಳಪಡಿಸುವ ಕ್ರೈಸ್ತ ಆಚರಣೆಗಳ ಪರಂಪರೆ. ಉಪವಾಸ ಮತ್ತು ಮಾಂಸವರ್ಜನೆ ಇದರ ಹಳೆಯ ರೂಪಗಳು. ಆರೋಗ್ಯದ ದೃಷ್ಟಿ ಇದಕ್ಕೆ 18 ಮತ್ತು 19ನೇ ಶತಮಾನಗಳಲ್ಲಿ ಸೇರಿತು. ಮೈತೂಕ ಇಳಿಸುವುದೇ ಗುರಿಯಾದದ್ದು 20ನೇ ಶತಮಾನದ ನಡುಭಾಗದ ಅಮೆರಿಕದಲ್ಲಿ. ಕರ್ನಾಟಕದಲ್ಲಿ ಕ್ಯಾಥೊಲಿಕರ ತಪಸ್ಸುಕಾಲ, ಮೆಥೋಡಿಸ್ಟರ ಮಿತಾಹಾರ, ಅಡ್ವೆಂಟಿಸ್ಟರ ಸಸ್ಯಾಹಾರ ಮತ್ತು ಸ್ವತಂತ್ರ ಸಭೆಗಳ ಉಪವಾಸ ಪ್ರಾರ್ಥನೆಗಳಲ್ಲಿ ಇದರ ಬೇರೆ ಬೇರೆ ಮುಖಗಳನ್ನು ಕಾಣಬಹುದು.

ಮೂಲ

ಯೆಹೂದ್ಯರಲ್ಲಿದ್ದ ಶುದ್ಧ, ಅಶುದ್ಧ ಆಹಾರದ ಭೇದವನ್ನು ಮೊದಲ ಶತಮಾನದ ಕ್ರೈಸ್ತ ಸಭೆ ಬಹುಮಟ್ಟಿಗೆ ಕೈಬಿಟ್ಟಿತು. ಆದ್ದರಿಂದ ಯಾವುದನ್ನು ತಿನ್ನಬೇಕು ಎಂಬುದಕ್ಕಿಂತ ಎಷ್ಟು, ಯಾವಾಗ, ಏಕೆ ತಿನ್ನಬೇಕು ಎಂಬ ವಿಚಾರವೇ ಮುಂದೆ ಬಂತು. ಆದಿಸಭೆಯ ಬೋಧನಾಗ್ರಂಥವಾದ ಡಿಡಾಖೆ ಬುಧವಾರ ಮತ್ತು ಶುಕ್ರವಾರಗಳನ್ನು ಉಪವಾಸದ ದಿನಗಳೆಂದು ಗೊತ್ತುಮಾಡಿತು. ದೇಹವು ಪವಿತ್ರಾತ್ಮನ ಆಲಯ ಎಂಬ ಅಪೊಸ್ತಲ ಪೌಲನ ಮಾತನ್ನು ಮುಂದಿನ ಅನೇಕ ಆಹಾರ ಸುಧಾರಕರು ಆಧಾರವಾಗಿ ಹಿಡಿದರು. ಹಸಿದವರೊಡನೆ ಅನ್ನ ಹಂಚಿಕೊಳ್ಳುವುದೇ ನಿಜವಾದ ಉಪವಾಸ ಎಂಬ ಪ್ರವಾದಿ ಯೆಶಾಯನ ಬೋಧನೆ ಉಪವಾಸಕ್ಕೂ ದಾನಕ್ಕೂ ನಂಟು ಬೆಸೆಯಿತು.

ಮಠಗಳ ಕಾಲ

4ನೇ ಶತಮಾನದ ಈಜಿಪ್ತಿನ ಮರುಭೂಮಿ ಸನ್ಯಾಸಿಗಳು ಹೊಟ್ಟೆಬಾಕತನವನ್ನು ಸಾಧನೆಯ ಮೊದಲ ಅಡ್ಡಿಯೆಂದು ಕಂಡರು. ಅವರಲ್ಲಿ ಒಬ್ಬನಾದ ಇವಾಗ್ರಿಯಸ್ (ಮರಣ 399) ಎಣಿಸಿದ ಎಂಟು ದುರಾಲೋಚನೆಗಳಲ್ಲಿ ಇದೇ ಮೊದಲನೆಯದು. ಆತನ ವಿಚಾರಗಳನ್ನು ಪಶ್ಚಿಮಕ್ಕೆ ಒಯ್ದ ಜಾನ್ ಕ್ಯಾಸಿಯನ್ ಅತಿಯಾದ ಉಪವಾಸವನ್ನೂ ಒಪ್ಪಲಿಲ್ಲ. ಇನ್ನೂ ಸ್ವಲ್ಪ ಹಸಿವಿರುವಾಗಲೇ ಊಟದಿಂದ ಏಳಬೇಕೆಂದ. 6ನೇ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮ ಇದನ್ನು ಅಳತೆಗೆ ಇಳಿಸಿತು: ದಿನಕ್ಕೆ ಒಂದು ಪೌಂಡು ರೊಟ್ಟಿ, ಬೇಯಿಸಿದ ಎರಡು ಬಗೆಯ ಪದಾರ್ಥ, ನಾಲ್ಕು ಕಾಲಿನ ಪ್ರಾಣಿಗಳ ಮಾಂಸ ನಿಷಿದ್ಧ. ತೀರ ನಿತ್ರಾಣರಾದ ರೋಗಿಗಳಿಗೆ ಮಾತ್ರ ಮಾಂಸಕ್ಕೆ ಅನುಮತಿಯಿತ್ತು. ಬಲವಿಲ್ಲದವರಿಗೆ ಕಟ್ಟುಪಾಡು ಸಡಿಲಿಸುವ ಈ ರೂಢಿ ಇಂದಿಗೂ ಉಳಿದಿದೆ.

ಈಸ್ಟರಿಗೆ ಮುಂಚಿನ 40 ದಿನಗಳ ತಪಸ್ಸುಕಾಲ ಜನಸಾಮಾನ್ಯರ ಸಂಯಮದ ಋತುವಾಯಿತು. ಮಧ್ಯಯುಗದ ಯುರೋಪಿನಲ್ಲಿ ದಿನಕ್ಕೆ ಒಂದೇ ಊಟ. ಮಾಂಸದ ಜೊತೆಗೆ ಮೊಟ್ಟೆ, ಹಾಲಿನ ಪದಾರ್ಥಗಳೂ ವರ್ಜ್ಯ. 1522ರಲ್ಲಿ ಜೂರಿಕ್ ನಗರದಲ್ಲಿ ತಪಸ್ಸುಕಾಲದಲ್ಲೇ ಮಾಂಸದ ಸಾಸೇಜ್ ತಿಂದವರ ಪರವಾಗಿ ಧರ್ಮಸುಧಾರಕ ಜ್ವಿಂಗ್ಲಿ ನಿಂತ. ಅಂದಿನಿಂದ ಪ್ರೊಟೆಸ್ಟೆಂಟರಲ್ಲಿ ಉಪವಾಸ ಕಡ್ಡಾಯದಿಂದ ಸ್ವಇಚ್ಛೆಗೆ ಸರಿಯಿತು. ಕ್ಯಾಥೊಲಿಕ್ ಕಟ್ಟಳೆಯನ್ನು 1966ರಲ್ಲಿ 6ನೇ ಪಾಲ್ ಪೋಪರು ಸಡಿಲಿಸಿದರು. ಈಗ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ ಕಡ್ಡಾಯ ಉಪವಾಸದ ದಿನಗಳು; 18 ತುಂಬಿದವರಿಂದ 59ರವರೆಗಿನವರಿಗೆ ಇದು ಅನ್ವಯಿಸುತ್ತದೆ. ಅಂದು ಒಂದು ಪೂರ್ಣ ಊಟ, ಎರಡು ಹೊತ್ತು ಅಲ್ಪಾಹಾರ.

ಆರೋಗ್ಯದ ದೃಷ್ಟಿ

ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1747ರಲ್ಲಿ ಬಡವರಿಗಾಗಿ ಮನೆಮದ್ದಿನ ಪುಸ್ತಕ ಹೊರತಂದ. ಮಿತವಾದ ಊಟ, ನೀರು, ನಡಿಗೆ, ಸಕಾಲದ ನಿದ್ರೆಗಳನ್ನು ಅದರಲ್ಲಿ ಬೋಧಿಸಿದ. ಡಿಡಾಖೆಯ ಬುಧವಾರ, ಶುಕ್ರವಾರಗಳ ಉಪವಾಸವನ್ನು ತಾನೂ ಪಾಲಿಸಿದ. ಮಿತಾಹಾರದ ಬೋಧನೆಯ ಹಿಂದೆ ವೈದ್ಯ ಜಾರ್ಜ್ ಚೇನಿಯ ಪ್ರಭಾವವಿತ್ತು. ವಿಪರೀತ ದಪ್ಪಗಾಗಿದ್ದ ಚೇನಿ ಹಾಲು, ಕಾಯಿಪಲ್ಯಗಳ ಪಥ್ಯದಿಂದ ಕರಗಿದವನು.

1863ರಲ್ಲಿ ಅಮೆರಿಕದಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಆರೋಗ್ಯವನ್ನು ಧರ್ಮಬೋಧೆಯ ಅಂಗವನ್ನಾಗಿಸಿತು. ಸಭೆಯ ಸ್ಥಾಪಕರಲ್ಲಿ ಒಬ್ಬರಾದ ಎಲೆನ್ ವೈಟ್ ಅವರ ಬೋಧನೆಯಂತೆ ಮದ್ಯ, ತಂಬಾಕು, ಹಂದಿಮಾಂಸ ನಿಷಿದ್ಧವಾದವು, ಸಸ್ಯಾಹಾರ ಆದರ್ಶವಾಯಿತು. ಈ ಸಭೆಯ ಬ್ಯಾಟಲ್ ಕ್ರೀಕ್ ಆರೋಗ್ಯಧಾಮವನ್ನು 1876ರಿಂದ ನಡೆಸಿದ ವೈದ್ಯ ಜಾನ್ ಹಾರ್ವಿ ಕೆಲಾಗ್ ಮತ್ತು ತಮ್ಮ ವಿಲ್ ಕೀತ್ ಸೇರಿ ರೋಗಿಗಳ ಪಥ್ಯಕ್ಕಾಗಿ ಧಾನ್ಯದ ಹಪ್ಪಳದಂಥ ಚೂರುಗಳನ್ನು ತಯಾರಿಸಿದರು. ಕಾರ್ನ್‌ಫ್ಲೇಕ್ಸ್ ಹುಟ್ಟಿದ್ದು ಅಲ್ಲಿಂದ. ಉತ್ತರ ಅಮೆರಿಕದ ಸುಮಾರು 61 ಸಾವಿರ ಅಡ್ವೆಂಟಿಸ್ಟರ ಮೇಲಿನ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಲು, ಮೊಟ್ಟೆಯನ್ನೂ ಬಿಟ್ಟವರ ಸರಾಸರಿ ದೇಹತೂಕ ಸೂಚ್ಯಂಕ 23.6, ಮಾಂಸಾಹಾರಿಗಳದು 28.8. ಸಕ್ಕರೆ ಕಾಯಿಲೆ ಕ್ರಮವಾಗಿ ನೂರಕ್ಕೆ 2.9 ಮತ್ತು 7.6 ಮಂದಿಯಲ್ಲಿತ್ತು.

ತೂಕ ಇಳಿಕೆಯ ಚಳವಳಿ

ಪ್ರೆಸ್ಬಿಟೇರಿಯನ್ ಪಾದ್ರಿ ಚಾರ್ಲಿ ಶೆಡ್ 1957ರಲ್ಲಿ ಪ್ರಾರ್ಥನೆಯಿಂದ ತೂಕ ಇಳಿಸುವ ಕುರಿತ ಪುಸ್ತಕ ಪ್ರಕಟಿಸಿದ. 1981ರಲ್ಲಿ ಹ್ಯೂಸ್ಟನ್ನಿನ ಬ್ಯಾಪ್ಟಿಸ್ಟ್ ಸಭೆಯೊಂದರಲ್ಲಿ ಬೈಬಲ್ ಪಾಠ ಮತ್ತು ಪಥ್ಯ ಕೂಡಿದ 'ಫಸ್ಟ್ ಪ್ಲೇಸ್' ಆರಂಭವಾಯಿತು. 1986ರಲ್ಲಿ ಗ್ವೆನ್ ಶಾಂಬ್ಲಿನ್ ಹೂಡಿದ 'ವೇ ಡೌನ್' ಕಾರ್ಯಾಗಾರ ಯಾವ ಆಹಾರವನ್ನೂ ನಿಷೇಧಿಸಲಿಲ್ಲ; ಹಸಿವಾದಾಗ ಮಾತ್ರ ತಿಂದು, ತೃಪ್ತಿಯಾದೊಡನೆ ನಿಲ್ಲಿಸಬೇಕೆಂದಿತು. 2011ರಲ್ಲಿ ಕ್ಯಾಲಿಫೋರ್ನಿಯದ ಪಾಸ್ಟರ್ ರಿಕ್ ವಾರನ್ ವೈದ್ಯರ ನೆರವಿನಿಂದ 'ಡೇನಿಯಲ್ ಪ್ಲಾನ್' ಆರಂಭಿಸಿದರು.

ಈ ಹೆಸರಿನ ಆಧಾರ ಬೈಬಲಿನ ದಾನಿಯೇಲನ (ಡೇನಿಯಲ್) ಗ್ರಂಥದ ಮೊದಲ ಅಧ್ಯಾಯ. ಬಾಬಿಲೋನಿನ ಅರಮನೆಯ ಭೋಜನ ಒಲ್ಲದ ನಾಲ್ವರು ಯುವಕರು ಹತ್ತು ದಿನ ಕಾಯಿಪಲ್ಯ ಮತ್ತು ನೀರಿನಲ್ಲೇ ಇದ್ದರು. ಕೊನೆಗೆ ಅವರು ಉಳಿದವರಿಗಿಂತ ಪುಷ್ಟರಾಗಿ ಕಂಡರೆಂಬುದು ಮೂಲದ ಕಥೆ. ಬಡಕಲು ಮೈ ದುರ್ದೆಸೆಯ ಗುರುತಾಗಿದ್ದ ಕಾಲದ ಕಥೆಯನ್ನು ಬೊಜ್ಜಿನ ಕಾಲ ತನ್ನ ಅಗತ್ಯಕ್ಕೆ ತಿರುಗಿಸಿಕೊಂಡಿತು.

ಕರ್ನಾಟಕದಲ್ಲಿ

ಕರ್ನಾಟಕಕ್ಕೆ ಬಂದ ಮಿಷನರಿಗಳು ಉಪವಾಸವೂ ಸಸ್ಯಾಹಾರವೂ ಮೊದಲೇ ಗೌರವ ಪಡೆದಿದ್ದ ನಾಡನ್ನು ಕಂಡರು. 1648ರ ಹೊತ್ತಿಗೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ, ಮಧುರೆಯಲ್ಲಿ ದುಡಿದ ಜೆಸ್ವಿಟ್ ಡಿ ನೊಬಿಲಿಯ ಮಾದರಿಯಲ್ಲಿ ಸನ್ಯಾಸಿಯ ಉಡುಪು ಮತ್ತು ನಡೆಯನ್ನು ಅಳವಡಿಸಿಕೊಂಡ. 1799ರ ನಂತರ ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಊಟ, ಉಡುಪುಗಳಲ್ಲಿ ಸ್ಥಳೀಯರಂತೆಯೇ ಬಾಳಿದ. ಮಂಗಳೂರು ಕಡೆಯ ಕ್ಯಾಥೊಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆಯೊಡನೆ ತರಕಾರಿಯ ಅಡುಗೆಯನ್ನೇ ಮಾಡುತ್ತಾರೆ. ಸಸ್ಯಾಹಾರವನ್ನು ಆದರ್ಶವೆಂದ ಅಡ್ವೆಂಟಿಸ್ಟರ ಸ್ಪೈಸರ್ ಕಾಲೇಜು ಪುಣೆಗೆ ಹೋಗುವ ಮುನ್ನ, 1917ರಿಂದ ಬೆಂಗಳೂರಿನಲ್ಲಿ ನೆಲೆಸಿತ್ತು.

ರಾಯಚೂರು ಸೀಮೆ

ರಾಯಚೂರು ಜಿಲ್ಲೆಯ ಹಳೆಯ ಕ್ರೈಸ್ತ ನೆಲೆ ಲಿಂಗಸುಗೂರು ತಾಲ್ಲೂಕಿನ ಮುದಗಲ್. ಅಲ್ಲಿನ ಕ್ಯಾಥೊಲಿಕ್ ಸಮುದಾಯ 16ನೇ ಶತಮಾನದ ಜೆಸ್ವಿಟರ ಕಾಲದ್ದು. ಈಗ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಜಿಲ್ಲೆಯಲ್ಲಿ ಮೆಥೋಡಿಸ್ಟ್ ಮತ್ತು ಪೆಂತೆಕೊಸ್ತ್ ಸಭೆಗಳೂ ಇವೆ. ಕ್ಯಾಥೊಲಿಕರಲ್ಲಿ ತಪಸ್ಸುಕಾಲದ ಶುಕ್ರವಾರಗಳಂದು ಮಾಂಸ ಬಿಟ್ಟು ಶಿಲುಬೆಹಾದಿಯ ಪ್ರಾರ್ಥನೆಯಲ್ಲಿ ಭಾಗವಹಿಸುವ ರೂಢಿಯಿದೆ. ಪೆಂತೆಕೊಸ್ತ್ ಮತ್ತು ಸ್ವತಂತ್ರ ಸಭೆಗಳಲ್ಲಿ ಶುಕ್ರವಾರದ ಉಪವಾಸ ಕೂಟ, ದಾನಿಯೇಲನ ಹೆಸರಿನ 21 ದಿನಗಳ ಉಪವಾಸ ಪ್ರಾರ್ಥನೆಗಳು ಬಳಕೆಯಲ್ಲಿವೆ. ಈ 21 ದಿನಗಳ ಆಧಾರ ಅದೇ ಗ್ರಂಥದ ಹತ್ತನೆಯ ಅಧ್ಯಾಯ: ದಾನಿಯೇಲ ಮೂರು ವಾರ ಮಾಂಸ, ದ್ರಾಕ್ಷಾರಸ ಮುಟ್ಟಲಿಲ್ಲ.

ಈ ಸೀಮೆಯ ಊಟ ಮಾತ್ರ ಚರ್ಚಿಗಿಂತ ಹೆಚ್ಚಾಗಿ ನೀರಿನಿಂದ ಬದಲಾಯಿತು. ಮಳೆಯಾಶ್ರಿತ ಹೊಲಗಳ ಕಾಲದಲ್ಲಿ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ, ಶೇಂಗಾ ಹಿಂಡಿಗಳೇ ದಿನದ ಊಟ. 1953ರಲ್ಲಿ ತುಂಗಭದ್ರಾ ಜಲಾಶಯ ಪೂರ್ಣಗೊಂಡು ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರು, ಮಾನ್ವಿ, ರಾಯಚೂರು ತಾಲ್ಲೂಕುಗಳಲ್ಲಿ ಭತ್ತದ ಗದ್ದೆಗಳೂ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳೂ ಹಬ್ಬಿದವು. ದೇವದುರ್ಗಕ್ಕೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ನೀರು ತಂದಿತು. ಮುಂದೆ ಪಡಿತರದ ಅಕ್ಕಿಯೂ ಸೇರಿ, ಹಬ್ಬದ ಊಟವಾಗಿದ್ದ ಅನ್ನ ದಿನದ ಊಟವಾಯಿತು.

ಊಟದ ಈ ಬದಲಾವಣೆಯ ಜೊತೆಗೆ ಆರೋಗ್ಯದ ಪ್ರಶ್ನೆಯೂ ಇದೆ: 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜಿಸಿತು. ಇದಕ್ಕೆ ಎದುರು ಚಿತ್ರವೂ ಇದೇ ಜಿಲ್ಲೆಯಲ್ಲಿದೆ: ಮಕ್ಕಳ ಅಪೌಷ್ಟಿಕತೆಯ ಕಾರಣ 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಮೊದಲು ಆಯ್ದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಹೀಗಾಗಿ ಕಡಿಮೆ ತಿನ್ನಿ ಎಂಬ ಅಮೆರಿಕದ ಬೋಧನೆ ಇಲ್ಲಿ ಎಲ್ಲರಿಗೂ ಒಂದೇ ರೀತಿ ಅನ್ವಯಿಸದು.

ವಿಮರ್ಶೆ

ತೂಕ ಇಳಿಕೆಯ ಚಳವಳಿಯ ಮೇಲಿನ ಮುಖ್ಯ ಆಕ್ಷೇಪ, ಅದು ದಪ್ಪ ಮೈಯನ್ನು ಪಾಪದ ಗುರುತಾಗಿಸಿತು ಎಂಬುದು. ಬೊಜ್ಜಿಗೆ ಅನುವಂಶೀಯತೆ, ಬಡತನ, ಔಷಧಿಗಳೂ ಕಾರಣವಾಗುವುದರಿಂದ ಅದನ್ನು ಸಂಯಮದ ಸೋಲೆಂದಷ್ಟೇ ನೋಡಲಾಗದು. ಕಠಿಣ ಉಪವಾಸ ಮುಗಿದೊಡನೆ ಹಬ್ಬದ ಭೂರಿಭೋಜನ ಬಂದರೆ ಇಳಿದ ತೂಕ ಮರಳುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಕೆಲವು ಬಗೆಯ ಗುಳಿಗೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಗರ್ಭಿಣಿಯರು ಮತ್ತು ರೋಗಿಗಳಿಗೆ ಚರ್ಚಿನ ನಿಯಮಗಳೇ ವಿನಾಯಿತಿ ನೀಡುತ್ತವೆ.

ಹಳೆಯ ಪರಂಪರೆಯಲ್ಲಿ ಬಿಟ್ಟ ಊಟಕ್ಕೆ ಒಬ್ಬ ವಾರಸುದಾರನಿದ್ದ: ಹಸಿದವನು. ಕಾರಿತಾಸ್ ಇಂಡಿಯಾ ಪ್ರತಿ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗಗಳ ವಿರುದ್ಧ ಹಣ ಸಂಗ್ರಹಿಸುವುದು ಇದೇ ತತ್ವದಿಂದ. ತೂಕ ಇಳಿಕೆಯ ಚಳವಳಿಯಲ್ಲಿ ಬಿಟ್ಟ ಊಟದ ಲಾಭವೆಲ್ಲ ಬಿಟ್ಟವನದೇ. ಕಾಲುವೆಯ ಅನ್ನವೂ ಮಕ್ಕಳ ಹಸಿವೂ ಒಟ್ಟಿಗಿರುವ ರಾಯಚೂರಿನಂಥ ಜಿಲ್ಲೆಗೆ ಯೆಶಾಯನ ಉಪವಾಸವೇ ಹೆಚ್ಚು ಹತ್ತಿರವಾದದ್ದು.